ಮನೆಯಲ್ಲಿಲ್ಲದ ಕೂಸಿನ ಅಳು

ಮಧ್ಯಾಹ್ನದ ಹೊತ್ತು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಮಹಡಿ ಮನೆಯ ಮುಂಗೋಣೆಯಲ್ಲಿ ಹೊಲಿಗೆಯಕ್ಕ ಮಿಷನ್ ತುಳಿಯುತ್ತಾ ಯಾರದೋ ಅಂಗಿಗೆ ತೋಳು ಕೂಡಿಸುತ್ತಿದ್ದಳು. ಒಳಗಿನ ಕೋಣೆಯಲ್ಲಿ ಕೂಸೊಂದು ಅತ್ತಿತು.

ಅವಳ ಕಾಲು ತಾನಾಗಿಯೇ ನಿಂತಿತು. ಮಿಷನ್ನಿನ ಸದ್ದು ನಿಂತ ಕೂಡಲೇ ಅಳುವೂ ನಿಂತಿತು.

ಆ ಮನೆಯಲ್ಲಿ ಕೂಸಿರಲಿಲ್ಲ. ಮಗು ಅಂತ ಇದ್ದವಳು ಅವಳ ಮಗಳು ಒಬ್ಬಳೇ. ಅವಳಿಗೆ ನಾಲ್ಕು ತುಂಬಲು ಇನ್ನು ಸ್ವಲ್ಪವೇ ಬಾಕಿ. ಈ ಅಳು ಅವಳದ್ದಲ್ಲ. ಇದು ಇನ್ನೂ ಹಲ್ಲು ಮೂಡದ ಬಾಯಿಯ ಅಳು. ಉಸಿರು ಸಿಗದೆ ತಡೆತಡೆದು, ಕೊನೆಗೆ ಸಣ್ಣಗೆ ಎಳೆದುಕೊಂಡು ಹೋಗುವಂಥದ್ದು.

ಎದ್ದು ಹೋಗಿ ನೋಡಿದಳು. ಮಗಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ಕಣ್ಣಲ್ಲಿ ಹನಿ ನೀರಿಲ್ಲ.

“ಯಾರೇ ಅತ್ತಿದ್ದು?”

“ಪಾಪು.”

“ಯಾವ ಪಾಪು?”

“ಸಣ್ಣ ಪಾಪು” ಅಂದಳು ಮಗಳು, ಗೋಡೆಯನ್ನೇ ನೋಡುತ್ತಾ. 

ಈ ಮಗಳು ದಿನ ತುಂಬುವ ಮೊದಲೇ ಹುಟ್ಟಿದವಳು. ಆಸ್ಪತ್ರೆಯಲ್ಲಿ ಮೊದಲ ಸಲ ನೋಡಿದಾಗ ಅವಳಪ್ಪ, “ಇದೇನು, ಸಾಸಿವೆ ಕಾಳಷ್ಟಿದೆಯಲ್ಲ” ಅಂದಿದ್ದ. ಅದೇ ಹೆಸರಾಗಿ ನಿಂತಿತು. ಹೆಸರಿಗೆ ತಕ್ಕಂತೆ ಮಾತು ಕಲಿತ ಮೇಲೆ ಸಾಸಿವೆ ಸಿಡಿಯುತ್ತಲೇ ಇದ್ದಳು. ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಅಂಥವಳು ಈಚೆಗೆ ಮಾತು ಬಿಟ್ಟು, ಬೇಕಾದ್ದನ್ನು ಬೆರಳಲ್ಲಿ ತೋರಿಸುತ್ತಿದ್ದಳು. ತಾನೇ ಲೋಟ ಹಿಡಿದು ಕುಡಿಯುತ್ತಿದ್ದವಳು ಈಗ ಬಾಯಿ ತೆರೆದು ಕಾಯುತ್ತಾ ಕೂರುತ್ತಿದ್ದಳು. ಒಂದು ಸಂಜೆ ಒಳಗಿನಿಂದ ಅಂಬೆಗಾಲಿಡುತ್ತಾ ಬಂದಳು. ಬಾಗಿಲ ಹತ್ತಿರ ತಲೆಯೆತ್ತಿ, ಯಾರನ್ನೋ ಹೊಸಬರನ್ನು ನೋಡುವ ಹಾಗೆ ಅಮ್ಮನನ್ನು ನೋಡಿದಳು. ಹೊಲಿಗೆಯಕ್ಕನ ಬೆರಳಿಗೆ ಸೂಜಿ ಚುಚ್ಚಿತು.

ಮರುದಿನ ಕೆಳಗಿನ ಮನೆಯಾಕೆ ಮೆಟ್ಟಿಲ ಬಳಿ ಸಿಕ್ಕಳು.

“ಯಾರದಮ್ಮ ಮಗು? ನೆಂಟರು ಬಂದಿದ್ದಾರಾ?”

“ಯಾರೂ ಬಂದಿಲ್ವಲ್ಲ.”

“ಮತ್ತೆ ದಿನಾ ಮಧ್ಯಾಹ್ನ ಅಳ್ತಾ ಇರತ್ತಲ್ಲ. ನಿನ್ನೆಯಂತೂ ಎರಡು ಮಕ್ಕಳ ದನಿ ಕೇಳಿಸ್ತು.”

ಹೊಲಿಗೆಯಕ್ಕ ಏನೋ ಹೇಳಿ ಮಾತು ತೇಲಿಸಿ ಮೇಲೆ ಬಂದಳು. ಅತ್ತೆಗೆ ಆಗಲೇ ಗೊತ್ತಾಗಿತ್ತು. ಅವರೂ ಕೇಳಿದ್ದರು, ಬಾಯಿಬಿಟ್ಟಿರಲಿಲ್ಲ, ಅಷ್ಟೇ.

“ಈ ಮನೆ ಸರಿ ಇಲ್ಲ” ಅಂದರು ಅತ್ತೆ. “ನಮಗಿಂತ ಮೊದಲು ಇದ್ದವರು ಯಾಕೆ ಬಿಟ್ಟು ಹೋದರು ಅಂತ ನೀವು ಯಾರಾದರೂ ವಿಚಾರಿಸಿದ್ದೀರಾ? ಬೇರೆ ಮನೆ ನೋಡಿ.”

ಹೊಲಿಗೆಯಕ್ಕನ ಗಂಡ ಬಸ್ ಡ್ರೈವರ್. “ಬೆಕ್ಕು ಇರ್ಬೇಕು ಬಿಡಮ್ಮ” ಎಂದು ನಕ್ಕ. ವಾರದ ರಜೆಯ ದಿನ ಊಟ ಮುಗಿಸಿ ಅಡ್ಡಾಗಿದ್ದವನು, ಒಳಗೆ ಅಳು ಕೇಳಿ ಎದ್ದು ಕೂತ. ಹೆಂಡತಿಯ ಕಡೆ ನೋಡಿದ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುಮ್ಮನೆ ಅವನನ್ನೇ ನೋಡುತ್ತಿದ್ದಳು. ಅವನು ಒಳಗೆ ಹೋಗಿ ಮಂಚದ ಕೆಳಗೆ ನೋಡಿದ, ಬೀರುವಿನ ಹಿಂದೆ ನೋಡಿದ. ಸಾಸಿವೆ ಮೂಲೆಯಲ್ಲಿ ಕೂತು ಅಪ್ಪನ ಹುಡುಕಾಟವನ್ನು ನೋಡುತ್ತಿದ್ದಳು. ಹೊರಗೆ ಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು.

“ಬೆಕ್ಕಲ್ಲ” ಅಂದ.

ಅಂದಿನಿಂದ ಬೇರೆ ಮನೆ ಹುಡುಕಲು ಶುರು ಮಾಡಿದರು.

ಬೆಳಗಿನ ಹೊತ್ತು ಸಾಸಿವೆ ಬೀದಿ ತುದಿಯ ಸಭಾಂಗಣದಲ್ಲಿ ನಡೆಯುವ ಪುಟಾಣಿಗಳ ಗುಂಪಿಗೆ ಹೋಗುತ್ತಿದ್ದಳು. ಅಂಬೆಗಾಲಿಡುವವರು, ಗೋಡೆ ಹಿಡಿದು ನಿಲ್ಲುವವರು, ತೊದಲುವವರು ತಾಯಂದಿರ ಜೊತೆ ಅಲ್ಲಿಗೆ ಬರುತ್ತಿದ್ದರು. ನಡೆಸುವವರು ನಿವೃತ್ತ ನರ್ಸ್; ಎಲ್ಲರ ಬಾಯಲ್ಲೂ ದಾದಿಯಮ್ಮ. ಸಾಸಿವೆ ನಡೆಯಲು ಕಲಿತಾಗಿನಿಂದ ಹೋದ ಜಾಗ ಅದು. ಅಲ್ಲಿದ್ದ ಅವಳ ಜೊತೆಯವರೆಲ್ಲ ಬೆಳೆದು ಶಿಶುವಿಹಾರಗಳಿಗೆ ಹೋದರು. ಅವರ ಜಾಗಕ್ಕೆ ಹೊಸ ಕೂಸುಗಳು ಬಂದವು. ಸಾಸಿವೆ ಮಾತ್ರ ಅಲ್ಲೇ ಉಳಿದಳು. ಹೊಲಿಗೆಯಕ್ಕ ಅವಳನ್ನು ದಾದಿಯಮ್ಮನ ಕಣ್ಣಳತೆಯಲ್ಲಿ ಬಿಟ್ಟು ಕೆಲಸಕ್ಕೆ ಮರಳುತ್ತಿದ್ದಳು.

“ಇವಳಿಗೆ ಈಗ ದೊಡ್ಡ ಮಕ್ಕಳ ಜೊತೆ ಬೇಕಮ್ಮ” ಎಂದು ದಾದಿಯಮ್ಮ ಒಮ್ಮೆ ಹೇಳಿದ್ದರು.

“ಅವಳಿನ್ನೂ ಸಣ್ಣವಳು. ಇಲ್ಲಿ ಅವಳಿಗೆ ಒಗ್ಗಿದೆ” ಎಂದು ಹೊಲಿಗೆಯಕ್ಕ ಮುಖ ಊದಿಸಿದ್ದಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಆ ಹಿಡಿಯಷ್ಟು ಮಗುವೇ ಅವಳ ಕಣ್ಣಲ್ಲಿ ಇನ್ನೂ ಇತ್ತು.

ಮನೆಯೊಂದನ್ನು ನೋಡಲು ಹೋಗಬೇಕಿದ್ದ ದಿನ, ಮಗಳನ್ನು ಬೇಗ ಕರೆದುಕೊಂಡು ಹೋಗೋಣವೆಂದು ಅವಳು ಸಭಾಂಗಣಕ್ಕೆ ಬಂದಳು. ಒಳಗೆ ಸದ್ದೇ ಇಲ್ಲ. ಅಷ್ಟು ಮಕ್ಕಳಿರುವ ಜಾಗ ಅಷ್ಟು ಸುಮ್ಮನಿರುವುದನ್ನು ಅವಳು ಎಂದೂ ಕಂಡಿರಲಿಲ್ಲ. ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಎದೆಗವಚಿಕೊಂಡು ನಿಂತಿದ್ದರು. ಬೀದಿಯಲ್ಲಿ ಬೇಕರಿ ನಡೆಸುವವಳ ಕೈ ಮಾತ್ರ ಖಾಲಿ.

“ಇಲ್ಲೇ ಇತ್ತು” ಅನ್ನುತ್ತಿದ್ದಳು ಆಕೆ. “ನೀರು ಕುಡಿದು ಬಂದೆ, ಅಷ್ಟೇ. ಇಲ್ಲೇ ಇತ್ತು.”

ಬೇಕರಿಯವಳ ಮಗು ಇನ್ನೂ ನಡೆಯುತ್ತಿರಲಿಲ್ಲ. ಹೊರಬಾಗಿಲಿಗೆ ಚಿಲಕ ಹಾಕಿತ್ತು. ದಾದಿಯಮ್ಮ ಮೇಜಿನ ಕೆಳಗೆ, ಪರದೆಯ ಹಿಂದೆ ಹುಡುಕುತ್ತಿದ್ದರು.

“ನಮ್ಮ ಸಾಸಿವೆ ಎಲ್ಲಿ?” ಎಂದು ಹೊಲಿಗೆಯಕ್ಕ ಕೇಳಿದಳು.

ಯಾರೂ ಉತ್ತರ ಕೊಡುವ ಮೊದಲೇ ಕೂಸು ಅತ್ತಿತು. ಚಾಪೆಗಳನ್ನು ಇಡುವ ಗೋಡೆ ಕಪಾಟಿನ ಒಳಗಿಂದ ಬಂತು ಆ ದನಿ.

“ನನ್ನ ಮಗೂದೇ ಅಳು” ಎನ್ನುತ್ತಾ ಬೇಕರಿಯವಳು ಓಡಿದಳು. ಹೊಲಿಗೆಯಕ್ಕ ನಿಂತಲ್ಲೇ ಅದನ್ನು ಗುರುತಿಸಿದಳು. ತಡೆತಡೆದು, ಕೊನೆಗೆ ಎಳೆದುಕೊಂಡು ಹೋಗುವ ಅದೇ ಅಳು. ದಿನವೂ ಅವಳ ಒಳಕೋಣೆಯಿಂದ ಬರುತ್ತಿದ್ದ ಅಳು.

ಕಪಾಟು ತೆರೆದರು. ಚಾಪೆಗಳ ಸಂದಿಯಲ್ಲಿ ಸಾಸಿವೆ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಯ ಮೇಲೆ ಬಟ್ಟೆ ಸುತ್ತಿದ ಗಂಟು. ಗಂಟಿನೊಳಗೆ ಬೇಕರಿಯವಳ ಮಗು ಬೆವರಿ ತೊಪ್ಪೆಯಾಗಿ, ಕೆಂಪಗಾಗಿ, ಕಣ್ಣರಳಿಸಿಕೊಂಡು ಮಲಗಿತ್ತು. ಅದು ತುಟಿಪಿಟಕ್ಕೆನ್ನುತ್ತಿರಲಿಲ್ಲ. ತೆರೆದಿದ್ದದ್ದು ಸಾಸಿವೆಯ ಬಾಯಿ. ಅಳು ಬರುತ್ತಿದ್ದದ್ದು ಅಲ್ಲಿಂದ. ಅವಳ ಕಣ್ಣು ಒಣಗಿತ್ತು.

ಬೇಕರಿಯವಳು ಬಟ್ಟೆ ಕಿತ್ತೆಸೆದು ಮಗುವನ್ನು ಎತ್ತಿಕೊಂಡಳು. ಗಾಳಿ ತಾಗಿದ ಮೇಲೆ ಅದು ನಿಜವಾಗಿ ಅತ್ತಿತು. ಎರಡು ಅಳುವಿಗೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಇನ್ನೊಂದು ಗಳಿಗೆ ಆ ಸೆಕೆಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತೋ. 

“ಯಾಕಮ್ಮ ಹೀಗೆ ಮಾಡಿದೆ?” ದಾದಿಯಮ್ಮ ನೆಲದ ಮೇಲೆ ಕೂತು ಕೇಳಿದರು.

“ಪಾಪು ಸುಮ್ನಿತ್ತು” ಅಂದಳು ಸಾಸಿವೆ. “ಅಳದಿದ್ರೆ ಯಾರೂ ಬರಲ್ಲ. ಅದಕ್ಕೇ ನಾನು ಅಳ್ತಿದ್ದೆ.”

ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬಂದ ಉದ್ದನೆಯ ಮಾತು ಅದು.

ಸಂಜೆ ದಾದಿಯಮ್ಮ ಮನೆಗೆ ಬಂದರು. ಅತ್ತೆ ನಂಬಲು ತಯಾರಿರಲಿಲ್ಲ. “ಒಂದು ಗಂಟಲಲ್ಲಿ ಅಷ್ಟು ಮಕ್ಕಳು ಹೇಗೆ ಅಳ್ತಾರೆ? ಇದು ಬೇರೇನೋ” ಅಂದರು.

ದಾದಿಯಮ್ಮ ವಾದ ಮಾಡಲಿಲ್ಲ. ಸಾಸಿವೆಯನ್ನು ಹತ್ತಿರ ಕರೆದರು. “ಬೇಕರಿ ಪಾಪು ಹೇಗೆ ಅಳತ್ತೆ?”

ಸಾಸಿವೆ ಅತ್ತು ತೋರಿಸಿದಳು.

“ನಿದ್ದೆ ಬಂದಾಗ ನಮ್ಮ ಗುಂಪಿನ ಅವಳಿ ಪಾಪುಗಳು?”

ಅದನ್ನೂ ತೋರಿಸಿದಳು. ಬಿದ್ದ ಪಾಪು, ಹಸಿದ ಪಾಪು, ಅಮ್ಮ ಎದ್ದು ಹೋದ ಪಾಪು. ಒಂದಾದ ಮೇಲೊಂದು ಕೂಸು ಆ ಪುಟ್ಟ ಬಾಯಿಂದ ಅತ್ತು ಸುಮ್ಮನಾಯಿತು. ಮುಂಗೋಣೆಯ ಬೆಳಕು ಇಳಿಯುತ್ತಿತ್ತು. ಯಾರೂ ಎದ್ದು ದೀಪ ಹಾಕಲಿಲ್ಲ. ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡರು.

“ಸರಿ” ಅಂದರು ದಾದಿಯಮ್ಮ. “ಈಗ ಹೇಳು, ನಮ್ಮ ಸಾಸಿವೆ ಹೇಗೆ ಅಳ್ತಾಳೆ?”

ಸಾಸಿವೆ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಇನ್ನೊಮ್ಮೆ ತೆರೆದಳು. ಆಮೇಲೆ ಅಮ್ಮನ ಕಡೆ ತಿರುಗಿ, ಉತ್ತರ ಅವಳಿಗೆ ಗೊತ್ತಿರಬಹುದೇನೋ ಅನ್ನುವ ಹಾಗೆ ನೋಡಿದಳು.

ಹೊಲಿಗೆಯಕ್ಕ ಅವಳನ್ನು ಬಾಚಿ ತಬ್ಬಿಕೊಂಡಳು. ಆ ಸಂಜೆ ಎಲ್ಲರಿಗಿಂತ ಹೆಚ್ಚು ಅತ್ತವಳು ಅಮ್ಮನೇ.

“ಮನೆಗೂ ಏನಾಗಿಲ್ಲ, ಮಗುವಿಗೂ ಏನಾಗಿಲ್ಲ” ಎಂದು ದಾದಿಯಮ್ಮ ಹೇಳಿದರು. “ಅವಳು ದೊಡ್ಡವಳಾದಳು. ನಾವು ಅದನ್ನ ಒಪ್ಪಲಿಲ್ಲ. ಆ ಗುಂಪಲ್ಲಿ ಅವಳ ಜೊತೆ ಮಾತಾಡೋರು ಯಾರಿದ್ದಾರೆ? ಅಳೋರೇ ಎಲ್ಲ. ಅತ್ತವರ ಹತ್ತಿರ ಎಲ್ಲರೂ ಓಡ್ತೀವಿ, ಸುಮ್ಮನಿದ್ದವಳನ್ನ ಯಾರೂ ನೋಡಲ್ಲ. ಮಗು ಅದನ್ನೇ ಕಲೀತು. ತಪ್ಪು ನಂದೂ ಇದೆ. ಬಟ್ಟೆ ತಂದುಕೊಡು, ಪಾಪೂನ ನೋಡಿಕೋ ಅಂತ ಇವಳನ್ನ ಕೈಗೆ ಒದಗೋ ಆಳು ಮಾಡಿಕೊಂಡುಬಿಟ್ಟೆ.”

“ಹಾಗಾದರೆ ಸ್ಕೂಲಿಗೆ ಹಾಕಿ. ಕೂರಿಸಿ ಬರೆಸಿದರೆ ಸರಿಹೋಗ್ತಾಳೆ” ಅಂದರು ಅತ್ತೆ.

“ಬರೆಯೋದಕ್ಕೆ ಇನ್ನೂ ಕಾಲ ಇದೆಯಮ್ಮ. ಈಗ ಅವಳಿಗೆ ಬೇಕಾಗಿರೋದು ಅವಳಷ್ಟೇ ಎತ್ತರದವರು. ಓಟ, ಕಥೆ, ಮಣ್ಣು, ನೀರು. ಹಾಕೋ ಮೊದಲು ಹೋಗಿ ನೋಡಿ. ಮಗೂನೂ ಕರ್ಕೊಂಡು ಹೋಗಿ.”

ಅತ್ತೆ ಸೊಸೆ ಮಗುವನ್ನು ಕರೆದುಕೊಂಡು ಮೊದಲು ನೋಡಿದ ಶಿಶುವಿಹಾರದ ಗೋಡೆಗೆಲ್ಲ ಹೊಸ ಬಣ್ಣ ಬಳಿದಿತ್ತು. ಒಳಗೆ ಪುಟ್ಟ ಮಕ್ಕಳು ಸಾಲಾಗಿ ಕೂತು, ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದರು. ಬಾಗಿಲು ತೆರೆದಾಗ ಅಷ್ಟೂ ತಲೆಗಳು ಒಟ್ಟಿಗೆ ತಿರುಗಿದವು. ಒಂದೂ ತುಟಿ ಅಲುಗಲಿಲ್ಲ. “ನಮ್ಮಲ್ಲಿ ಶಿಸ್ತು ನೋಡಿ” ಎಂದು ಅಲ್ಲಿನವರು ಹೆಮ್ಮೆಯಿಂದ ಹೇಳಿದರು. ಸಾಸಿವೆ ಅಮ್ಮನ ಸೆರಗಿನ ಹಿಂದೆ ಸರಿದಳು. ಸೆರಗಿನೊಳಗಿಂದ ಸಣ್ಣಗೆ ಕೂಸಿನ ಅಳು ಕೇಳಿಸಿತು. ಅತ್ತೆಯೇ ಮೊದಲು ತಿರುಗಿ ಮೆಟ್ಟಿಲಿಳಿದರು.

“ಬೇಡ ನಡಿಯೇ. ನನಗೇ ಉಸಿರು ಕಟ್ಟಿತು” ಅಂದರು.

ಎರಡನೆಯದು ಹಳೆಯ ಕಟ್ಟಡದ ಶಿಶುವಿಹಾರ. ಗೋಡೆಯ ಬಣ್ಣ ಎದ್ದಿತ್ತು, ಆದರೆ ಗೇಟಿನ ತನಕ ಗಲಾಟೆ ಕೇಳಿಸುತ್ತಿತ್ತು. ಒಬ್ಬ ಮರಳಲ್ಲಿ ಗುಂಡಿ ತೋಡುತ್ತಿದ್ದ. ಇಬ್ಬರು ಕುರ್ಚಿ ಸಾಲಿಟ್ಟು ಬಸ್ ಓಡಿಸುತ್ತಿದ್ದರು. ಬಚ್ಚಲಿನ ಬಾಗಿಲ ಚಿಲಕ ಮಕ್ಕಳ ಕೈಗೆ ಎಟಕುವ ಹಾಗಿತ್ತು. ಟೀಚರ್ ನೆಲದ ಮೇಲೆ ಕೂತು ಯಾರದೋ ಕಥೆ ಕೇಳುತ್ತಿದ್ದರು.

“ಮೊದಲ ಕೆಲವು ದಿನ ನೀವೂ ಬಂದು ಕೂತಿರಿ” ಎಂದು ಟೀಚರ್ ಹೇಳಿದರು. “ಸ್ವಲ್ಪ ಹೊತ್ತು ಸಾಕು. ಅವಳಾಗಿ ಎದ್ದು ಬರೋ ತನಕ ಯಾರೂ ಎಳೆಯೋದು ಬೇಡ.”

ಮೊದಲ ದಿನ ಸಾಸಿವೆ ಗೋಡೆಗೆ ಮುಖ ಮಾಡಿ ಕೂತಳು. ಎರಡನೆಯ ದಿನವೂ ಅಷ್ಟೇ.  ಆಮೇಲೊಂದು ದಿನ ಮಗಳು ಇತ್ತ ತಿರುಗಿ ಕೂತಳು. ನೋಡುತ್ತಾ ನೋಡುತ್ತಾ ಮರಳಿನ ಹತ್ತಿರ ಜರುಗಿದಳು. ಟೀಚರ್ ಸನ್ನೆ ಮಾಡಿದರು. ಹೊಲಿಗೆಯಕ್ಕ ಮಗಳಿಗೆ “ಹೊರಗಡೆ ಬೆಂಚಿನ ಮೇಲಿರ್ತೀನಿ” ಎಂದು ಹೇಳಿಯೇ ಎದ್ದು ಹೋದಳು, ಕದ್ದು ಹೋಗಲಿಲ್ಲ.

ಬೆಂಚಿನ ಮೇಲೆ ಕೂತವಳಿಗೆ ಒಳಗಿನ ಜಗಳ ಕೇಳಿಸಿತು.

“ಬಕೆಟ್ ನಂದು.”

“ನಾನು ಮೊದಲು ತಗೊಂಡಿದ್ದು.”

“ನೀನು ಗುಂಡಿ ತೋಡು, ನಾನು ನೀರು ತರ್ತೀನಿ. ಆಮೇಲೆ ನಿಂಗೆ ಕೊಡ್ತೀನಿ. ಕೊಡಲ್ಲ ಅಂತ ಹೇಳಿದ್ನಾ?”

ಮೊದಲ ಮಾತೂ ಕೊನೆಯ ಮಾತೂ ಸಾಸಿವೆಯದ್ದು. ಯಾವ ಕೂಸಿನ ದನಿಯೂ ಅಲ್ಲ, ಅವಳದ್ದೇ ದನಿ. ಬಕೆಟ್ ಕೊನೆಗೂ ಕೈತಪ್ಪಿತೆಂದು ಕಾಣುತ್ತದೆ. ಅಳು ಕೇಳಿಸಿತು. ಹೊಲಿಗೆಯಕ್ಕ ತಟ್ಟನೆ ಎದ್ದು ಕಿಟಕಿಯಲ್ಲಿ ಇಣುಕಿದಳು. ಮಗಳು ಗಂಟಲು ಬಿರಿಯುವ ಹಾಗೆ ಅಳುತ್ತಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಧಾರಾಕಾರ ಇಳಿಯುತ್ತಿತ್ತು.

ಟೀಚರ್ ಕಿಟಕಿಯ ಕಡೆ ನೋಡಿ ನಕ್ಕರು. “ಜಗಳಕ್ಕೂ ಸರಿಸಮ ಜೊತೆ ಬೇಕಲ್ವಾ?” ಅಂದರು.

ಅವರು ಮನೆ ಬದಲಾಯಿಸಲಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗುವನ್ನು ಈ ಹೊತ್ತು ಒಮ್ಮೆ ಸರಿಯಾಗಿ ನೋಡಿ. ಮೂರು ದಾಟಿದೆಯೇ? ಪುಟಾಣಿಗಳ ಗುಂಪಿನಲ್ಲಿ ಅದೊಂದೇ ಉದ್ದಕ್ಕೆ ಕಾಣುತ್ತಿದೆಯೇ? ಆಟ ಬಿಟ್ಟು ಮೂಲೆ ಹಿಡಿಯುತ್ತಿದೆಯೇ, ಕಲಿತದ್ದನ್ನು ಮರೆತ ಹಾಗೆ ಆಡುತ್ತಿದೆಯೇ? ಹೆದರಬೇಡಿ, ಬೈಯಬೇಡಿ. ಮಾತು ಹಿಂದೆ ಸರಿಯುತ್ತಿದ್ದರೆ ಆರೋಗ್ಯ ಕಾರ್ಯಕರ್ತೆಗೋ ವೈದ್ಯರಿಗೋ ಒಮ್ಮೆ ತೋರಿಸಿ. ಅದರ ಜೊತೆಗೇ ಅದರ ವಯಸ್ಸಿನ ಮಕ್ಕಳಿರುವ ಜಾಗ ಹುಡುಕಿ. ಹತ್ತಿರ ಶಿಶುವಿಹಾರ ಇಲ್ಲದಿದ್ದರೆ ಬೀದಿಯ ನಾಲ್ಕಾರು ಮನೆಯವರು ಸೇರಿ ದಿನಕ್ಕೊಂದು ಮನೆಯಲ್ಲಿ ಮಕ್ಕಳನ್ನು ಕೂಡಿಸಿ; ಒಬ್ಬರು ಕಥೆ ಹೇಳಿ, ಒಬ್ಬರು ಹಾಡಿಸಿ. ಎಲ್ಲೇ ಸೇರಿಸುವುದಾದರೂ ಮೊದಲು ಬಾಗಿಲ ಹೊರಗೆ ನಿಂತು ಕಿವಿಗೊಡಿ. ಒಳಗೆ ಮಾತು, ನಗು, ಜಗಳ ಕೇಳಿಸಿದರೆ ಧೈರ್ಯವಾಗಿ ಒಳಗೆ ಹೋಗಿ. ಪುಟ್ಟ ಮಕ್ಕಳು ತುಂಬಿದ ಕೋಣೆಯಲ್ಲಿ ಸದ್ದೇ ಇಲ್ಲದಿದ್ದರೆ, ಮಗುವಿನ ಕೈ ಹಿಡಿದುಕೊಂಡು ವಾಪಸ್ ಬನ್ನಿ.