ಎರಡೂವರೆ ಇಂಚು ಕಡಿಮೆ

ಹಿಡಿಕೆಯಡಿಯ ಟೇಪಿನ ಅಂಟು ಅರ್ಧ ಬಿಟ್ಟಿತ್ತು, ಇನ್ನರ್ಧ ಹಟ ಹಿಡಿದು ಕೂತಿತ್ತು. ನಾನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಕೋಲನ್ನು ಮೇಲಿಂದ ಕೆಳಗೆ ಉಜ್ಜುತ್ತಿದ್ದೆ. ಪೆಟ್ರೋಲು ಮುಟ್ಟಿದ ದಿನ ನಮ್ಮಲ್ಲಿ ಕೆಲಸ ಮುಗಿಯುವವರೆಗೆ ಒಲೆ ಹಚ್ಚುವ ಹಾಗಿಲ್ಲ. ಹಾಗಾಗಿ ತೊಳೆದ ಅಕ್ಕಿ ಪಾತ್ರೆಯಲ್ಲೇ ನೆನೆಯುತ್ತಿತ್ತು.

ನನ್ನ ತಮ್ಮ ಪೂವಪ್ಪ ಕಿಟಕಿಯ ಹತ್ತಿರ ಗರಗಸಕ್ಕೆ ಹೊಸ ಅಲಗು ಹಾಕುತ್ತಿದ್ದ. ಊರಿನಿಂದ ಮುಂಬಯಿಗೆ ಹೋಟೆಲು ಕೆಲಸಕ್ಕೆ ಬಂದವನು ಅವನು. ಚೆಂಬೂರಿನ ಗಾಲ್ಫ್ ಮೈದಾನದಲ್ಲಿ ಸಾಹೇಬರ ಚೀಲ ಹೊತ್ತು ಹೊತ್ತು, ಕೊನೆಗೆ ಅವರ ಕೋಲುಗಳನ್ನೇ ಕಟ್ಟಿಕೊಡಲು ಕಲಿತ. ಗಂಡ ತೀರಿಕೊಂಡ ಮೇಲೆ ನಾನು ವಡಾಲದ ಈ ಚಾಳಿಗೆ ಬಂದೆ. ಸಂಜೆ ಕನ್ನಡದ ರಾತ್ರಿ ಶಾಲೆಯಲ್ಲಿ ಪಾಠ ಹೇಳುವುದು, ಹಗಲು ಅವನ ಜೊತೆ ಕೆಲಸ. ಹಿಡಿಕೆ ಸುಲಿಯುವುದು, ಹೊಸದು ಹಾಕುವುದು, ತೂಕ ನೋಡುವುದು ನನ್ನ ಪಾಲು.

ನನ್ನ ಕೈಯಲ್ಲಿದ್ದದ್ದು ಡ್ರೈವರ್. ಗಾಲ್ಫಿನಲ್ಲಿ ಮೊದಲ ಹೊಡೆತಕ್ಕೆ ಹಿಡಿಯುವ, ಎಲ್ಲಕ್ಕಿಂತ ಉದ್ದದ ಕೋಲು. ತುದಿಯಲ್ಲಿ ಚಿಕ್ಕ ತೆಂಗಿನಕಾಯಿಯಂಥ ಲೋಹದ ತಲೆ, ಒಳಗೆ ಪೂರಾ ಟೊಳ್ಳು. ಪೂವಪ್ಪ ಇದನ್ನು ಕಟ್ಟಿದ್ದು ಅಕ್ಷಯನಿಗೆ. ಆರಡಿ ದಾಟಿದ ಆಳು, ಹಡಗಿನ ಎಂಜಿನಿಯರ್. ಈಗ ಅದನ್ನು ತನ್ನ ಅಳತೆಗೆ ಮಾಡಿಸಲು ಅವನ ಹೆಂಡತಿ ವಿನೋದಿನಿ ಮುಲುಂಡಿನಿಂದ ಬಂದು ಎದುರಿಗೆ ಕೂತಿದ್ದಳು.

"ನಿನ್ನ ಎತ್ತರಕ್ಕೆ ಇದು ಯಾಕೆ ಮಾರಾಯ್ತಿ? ಚಪಾತಿ ಲಟ್ಟಣಿಗೆ ಸಾಕಲ್ಲ," ಎಂದ ಪೂವಪ್ಪ.

"ಲಟ್ಟಣಿಗೆ ತಂದ್ರೆ ಮೊದಲ ಶಾಟ್ ನಿಮ್ಮ ತಲೆಗೇ ಪೂವಪ್ಪಣ್ಣ."

ಅವಳು ನಕ್ಕಳು, ಆದರೆ ಕಣ್ಣು ಕೋಲಿನ ಮೇಲೇ ಇತ್ತು. "ಮೂರು ವರ್ಷದಿಂದ ಬಾಗಿಲ ಹಿಂದೆ ನಿಂತಿದೆ ಭುವನಕ್ಕ. ಮೊದಲು ನನ್ನದಾಗ್ಲಿ. ನನ್ನದಾದ ದಿನ ಆ ಕಾಗದ ಪೋಸ್ಟ್ ಮಾಡ್ತೇನೆ. ಪಕ್ಕಾ."

ಆ ಕಾಗದ ಬರೆದವಳು ನಾನೇ. ಅವಳು ಮುಂಬಯಿಯಲ್ಲೇ ಹುಟ್ಟಿದವಳು. ಕನ್ನಡ ಆಡುತ್ತಾಳೆ, ಬರೆಯಲು ಬಾರದು. ಮೂರು ವರ್ಷದ ಹಿಂದೆ ಅಕ್ಷಯ ಒಂದು ರಾತ್ರಿ ಹಡಗಿನ ಡೆಕ್ಕಿನ ಮೇಲೆ ಕಂಡವನು ಬೆಳಿಗ್ಗೆ ಇರಲಿಲ್ಲ. ಹೆಣ ಸಿಗಲಿಲ್ಲ. ಕಾಪುವಿನ ಹತ್ತಿರದ ಊರಲ್ಲಿ ಅವನ ತಾಯಿ ಹಾಸಿಗೆ ಹಿಡಿದಿದ್ದಾಳೆ, ಕಿವಿ ಕೇಳದು. ತಾನು ಹೋಗುವ ಮೊದಲು ಮಗನನ್ನು ಹಿರಿಯರ ಜೊತೆ ಸೇರಿಸಬೇಕು, ಈ ಆಷಾಢದಲ್ಲಿ, ಹಿರಿಯರಿಗೆ ಬಡಿಸುವ ಆಟಿ ಅಮಾವಾಸ್ಯೆಗಾದರೂ ಅವನ ಹೆಸರಲ್ಲಿ ಎಲೆ ಹಾಕಿ ಬಡಿಸಬೇಕು ಎಂಬುದೊಂದೇ ಅವಳ ಆಸೆ. ಆದರೆ ಹೆಂಡತಿ ಒಪ್ಪಿ ಬರೆದು ಕೊಡದೆ ಎಲೆ ಹಾಕುವುದಿಲ್ಲ ಎಂದು ಮನೆಯ ಗಂಡಸರು ಹೇಳಿಬಿಟ್ಟಿದ್ದರು. ದೀಪಾವಳಿಗೆ ಮೊದಲೇ ಕಾಗದ ಬರೆದಾಗಿತ್ತು, ಲಕೋಟೆಗೆ ಸ್ಟಾಂಪೂ ಹಚ್ಚಿತ್ತು. ವಿನೋದಿನಿಯ ಸಹಿಯೊಂದು ಬಾಕಿ. "ಯಾವುದೋ ಬಂದರಿನಲ್ಲಿ ಇದ್ದಾರೇನೋ, ನೆನಪು ಹೋಗಿದೆಯೇನೋ. ಬದುಕಿರೋರಿಗೆ ನಾನೇ ಹೇಗೆ ಎಲೆ ಹಾಕಿಸ್ಲಿ?" ಎನ್ನುತ್ತಿದ್ದಳು. ಕಾಗದ ಅವಳ ಚೀಲದಲ್ಲೇ ಲೋಕಲ್ ಹತ್ತಿ ಇಳಿದು ಮೂಲೆ ಸವೆದಿತ್ತು.

ಪೂವಪ್ಪ ಅವಳನ್ನು ನೆಟ್ಟಗೆ ನಿಲ್ಲಿಸಿ, ಮಣಿಕಟ್ಟಿನಿಂದ ನೆಲದವರೆಗೆ ಅಳೆದ. ಹಿಡಿಕೆಯ ಕಡೆಯಿಂದ ಎರಡೂವರೆ ಇಂಚು ಕತ್ತರಿಸಿದ. ಕಪ್ಪು ಪುಡಿ ಪೇಪರಿನ ಮೇಲೆ ಬಿತ್ತು.

ಕೋಲು ಗಿಡ್ಡವಾದರೆ ತಲೆ ಹಗುರಾದಂತೆ ಕೈಗೆ ಅನ್ನಿಸುತ್ತದೆ. ಬೀಸಿದರೆ ತುದಿಯಲ್ಲಿ ಏನೂ ಇಲ್ಲದ ಹಾಗೆ. ಅದಕ್ಕೇ ಕತ್ತರಿಸಿದ ಮೇಲೆ ತಲೆಗೆ ಸೀಸದ ಪಟ್ಟಿ ಅಂಟಿಸಿಯೋ ತಳದ ತಿರುಪು ಬದಲಿಸಿಯೋ ಸ್ವಲ್ಪ ಭಾರ ಕೂಡಿಸಬೇಕು. ಎಷ್ಟು ಎಂದು ತಿಳಿಯಲು ನಮ್ಮಲ್ಲಿ ಒಂದು ತಕ್ಕಡಿ ಉಂಟು. ಕೋಲನ್ನು ಅಡ್ಡ ಮಲಗಿಸಿ, ಕಂಬಿಯ ಮೇಲಿನ ಗುಂಡು ಸರಿಸುತ್ತ ಹೋದರೆ ಎರಡೂ ಕಡೆ ಸಮ ನಿಲ್ಲುತ್ತದೆ.

ನಾನು ಸೀಸದ ಪಟ್ಟಿ ಕತ್ತರಿಸಿಟ್ಟುಕೊಂಡೇ ಕೋಲನ್ನು ತಕ್ಕಡಿಗೆ ಇಟ್ಟೆ. ತಲೆಯ ಕಡೆ ಮೇಲೇಳಬೇಕಿತ್ತು. ಅದು ಕೆಳಗಿಳಿಯಿತು. ಧಡಕ್ಕನೆ ಅಲ್ಲ. ದಣಿದವರು ಚಾಪೆಯ ಮೇಲೆ ಒರಗುತ್ತಾರಲ್ಲ, ಅಷ್ಟು ನಿಧಾನಕ್ಕೆ.

"ಅಕ್ಕ, ನೀನು ತಿರುಗಾ ಮುರುಗಾ ಇಟ್ಟಿದ್ದಿ," ಎಂದ ಪೂವಪ್ಪ. ತಾನೇ ಬಂದು ಇಟ್ಟ. ಮತ್ತೆ ಹಾಗೇ ಒರಗಿತು. ತಳದ ತಿರುಪನ್ನೂ ತೆಗೆದು ನೋಡಿದ. ವ್ಯತ್ಯಾಸವಾಗಲಿಲ್ಲ. "ತಕ್ಕಡಿಗೂ ಪ್ರಾಯ ಆಯ್ತು, ನಮ್ಮ ಹಾಗೆ," ಎಂದು ಬೇರೊಂದು ಕೋಲು ಇಟ್ಟ. ಅದಕ್ಕೆ ಸರಿಯಾದ ತೂಕವೇ ಬಂತು.

ವಿನೋದಿನಿ ಕೋಲಿನ ತಲೆಯನ್ನು ಕೈಯಲ್ಲಿ ಹಿಡಿದಳು. "ಎಷ್ಟು ತಣ್ಣಗುಂಟು!" ಎಂದಳು. ಮೇ ತಿಂಗಳ ಮಧ್ಯಾಹ್ನ, ಫ್ಯಾನಿನ ಗಾಳಿಯೇ ಸುಡುತ್ತಿತ್ತು. ಅವಳು ತಲೆಯನ್ನು ಕಿವಿಯ ಬಳಿ ಅಲುಗಿಸಿದಳು. ಒಳಗೆ ನೀರು ತುಳುಕಿದ ಸದ್ದು ಮೂವರಿಗೂ ಕೇಳಿತು.

ಪೂವಪ್ಪ ಪೆಟ್ರೋಲಿನ ಬಟ್ಟೆಯನ್ನು ಹೊರಗಿಟ್ಟು ಬಂದು, ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ಬುಡ ಬಿಸಿ ಮಾಡಿದ. ಅಂಟು ಸಡಿಲಾಗಿ ತಲೆ ಕಳಚಿತು. ಬೋರಲು ಹಾಕಿದರೆ ಒಂದು ಚಮಚದಷ್ಟು ನೀರು ಬಟ್ಟಲಿಗೆ ಬಿತ್ತು. ಅಷ್ಟು ಬಿಸಿ ತಾಗಿದ ಮೇಲೂ ಅದು ತಣ್ಣಗಿತ್ತು.

"ತೊಳೆದಿದ್ದಿಯಾ?" ಎಂದು ವಿನೋದಿನಿಯನ್ನು ಕೇಳಿದ.

"ಇಲ್ಲಪ್ಪ. ಮುಟ್ಟಲೇ ಇಲ್ಲ."

"ನಿಮ್ಮ ಬಿಲ್ಡಿಂಗಿನ ಗೋಡೆ ಸೋರುತ್ತಿರಬೇಕು," ಎಂದ ಅವನು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅಂಟು ಹಾಕಿದ ತಲೆಯೊಳಗೆ ಗೋಡೆಯ ನೀರು ಹೋಗುವುದಿಲ್ಲವೆಂದು ಅವನಿಗೆ ಗೊತ್ತು.

ವಿನೋದಿನಿ ಕೋಲನ್ನು ನಮ್ಮಲ್ಲೇ ಬಿಟ್ಟು ಹೋದಳು. ಮರುದಿನವೆಲ್ಲ ತಲೆಯನ್ನು ಕಿಟಕಿಯ ಬಿಸಿಲಲ್ಲಿ ಬೋರಲು ಇಟ್ಟೆವು. ಸಂಜೆ ಬೆರಳು ತೂರಿಸಿ ನೋಡಿದೆ; ಹಪ್ಪಳದ ಹಾಗೆ ಒಣಗಿತ್ತು. ಪೂವಪ್ಪ ಅಂಟು ಹಾಕಿ ಕೂಡಿಸಿದ. ಬೆಳಿಗ್ಗೆ ಚಹಾಕ್ಕೂ ಮೊದಲು ತಕ್ಕಡಿಗೆ ಇಟ್ಟೆ. ತಲೆ ಮೊದಲಿಗಿಂತ ಕೆಳಗೆ ಒರಗಿತು. ಮುಟ್ಟಿದರೆ ಹೊರಗೂ ಬೆವರಿತ್ತು. ಮನೆಯೊಳಗೆ ಒಂದು ವಾಸನೆ. ನಮ್ಮ ವಡಾಲದ ಖಾಡಿಯ ಹಿನ್ನೀರಿನ ಕೆಸರು ವಾಸನೆ ನನಗೆ ಗೊತ್ತು. ಇದು ಅದಲ್ಲ. ದಡವೇ ಕಾಣದಷ್ಟು ದೂರದ ನೀರಿನದು.

"ಅಕ್ಕ, ಕೊಟ್ಟುಬಿಡೋಣ. ನಮ್ಮಿಂದ ಆಗುವುದಿಲ್ಲ ಅಂತ ಹೇಳುವ," ಎಂದ ಪೂವಪ್ಪ. ಸಾಹೇಬರ ಬೈಗುಳಕ್ಕೂ ಹೆದರದವನು, ಕೋಲಿಟ್ಟ ಮೂಲೆಗೆ ಬೆನ್ನು ಹಾಕಿ ಕೂರಲು ಹಿಂಜರಿಯುತ್ತಿದ್ದ.

"ಕೊಡುವುದು ಯಾರಿಗೆ? ಅವಳು ಒಬ್ಬಳೇ ಇರುವ ಮನೆಗಾ?" ಎಂದೆ. ಫೋನು ಮಾಡಿ ವಿನೋದಿನಿಯನ್ನೇ ಕರೆಸಿದೆ.

ಅವಳು ಬ್ಯಾಂಕಿಗೆ ರಜೆ ಹಾಕಿ ಬಂದಳು. ಮುಖದಲ್ಲಿ ಹೆದರಿಕೆಯ ಬದಲು ಒಂದು ಬಗೆಯ ಗೆಲುವಿತ್ತು. "ನೋಡಿದಿರಾ? ಬೇರೆಯವರ ಕೈಗೆ ಬರುವುದಿಲ್ಲ ಅಂತ ಹಟ. ಬದುಕಿದ್ದಾರೆ ಭುವನಕ್ಕ. ತಮ್ಮ ಕೋಲು ಬೇಕು ಅಂತ ಹೇಳ್ತಿದ್ದಾರೆ. ಕತ್ತರಿಸಿದ್ದನ್ನು ವಾಪಸ್ ಜೋಡಿಸಿ ಪೂವಪ್ಪಣ್ಣ, ಪ್ಲೀಸ್."

"ಜೋಡಿಸಬಹುದು. ತುಂಡು ತುರುಕಿ ಉದ್ದ ಮಾಡ್ಲಿಕ್ಕೆ ಬರ್ತದೆ," ಎಂದ ಅವನು. "ಒಳಗಿನ ನೀರು ಮೊದಲು ತೆಗೀಬೇಕಲ್ಲ."

ನಾನು ವಿನೋದಿನಿಗೆ ಹೇಳಿದೆ, "ಈ ಸಲ ನೀನೇ ಬಗ್ಗಿಸು ಮಗಾ."

ಪೂವಪ್ಪ ಬಿಸಿ ಮಾಡಿ ತಲೆ ಕಳಚಿ, ಅವಳ ಅಂಗೈಗೆ ಕೊಟ್ಟ. ಅವಳು ಬಟ್ಟಲಿಗೆ ಬಗ್ಗಿಸಿದಳು. ಬಟ್ಟಲು ತುಂಬಿತು. ನಾನು ಚೆಂಬು ಹಿಡಿದೆ. ಚೆಂಬು ತುಂಬಿತು. ಎರಡು ಮುಷ್ಟಿಯಷ್ಟು ದೊಡ್ಡ ತಲೆ ಅದು. ಪೂವಪ್ಪ ಬಕೆಟ್ಟು ಎಳೆದು ತಂದ. ಸಣ್ಣ ತೂತಿನಿಂದ ನೀರು ಸದ್ದಿಲ್ಲದೆ, ಆತುರವಿಲ್ಲದೆ ಬರುತ್ತಲೇ ಇತ್ತು. ಬಕೆಟ್ಟಿನ ಅಂಚು ದಾಟಿ ನೆಲಕ್ಕೆ ಹರಿಯಿತು. ನಮ್ಮ ಪಾದಗಳು ಮರಗಟ್ಟುವಷ್ಟು ತಣ್ಣಗಿತ್ತು. ಹೊರಗೆ ಹಾರ್ಬರ್ ಲೈನಿನ ಲೋಕಲ್ ರೈಲು ಹೋಯಿತು. ಕಿಟಕಿಯ ಸರಳುಗಳು ನಡುಗಿದವು, ನೆಲದ ನೀರು ಮಾತ್ರ ಕದಲಲಿಲ್ಲ.

ವಿನೋದಿನಿ ಒಂದು ಅಂಗೈಯಲ್ಲಿ ನೀರು ಹಿಡಿದು ನಾಲಿಗೆಗೆ ತಾಗಿಸಿದಳು. ಅವಳ ಮುಖದಲ್ಲಿದ್ದ ಗೆಲುವು ನಮ್ಮ ಕಣ್ಣೆದುರೇ ಇಳಿಯಿತು.

"ಉಪ್ಪು," ಎಂದಳು.

ನೀರು ಬರುತ್ತಲೇ ಇತ್ತು. ಅವಳು ಆ ಲೋಹದ ತಲೆಯನ್ನು ಎದೆಗೆ ಒತ್ತಿಕೊಂಡಳು. ಸೀರೆ ಒದ್ದೆಯಾಯಿತು. ಜ್ವರ ಬಂದ ಮಗುವಿನೊಡನೆ ಮಾತಾಡುವ ಹಾಗೆ, ಮೆಲ್ಲಗೆ, ತುಳುವಿನಲ್ಲಿ ಏನೋ ಹೇಳಿದಳು. ಆಮೇಲೆ ಕನ್ನಡದಲ್ಲಿ, "ಸಾಕು. ಗೊತ್ತಾಯ್ತು ನಂಗೆ. ಇಷ್ಟು ನೀರಿನಲ್ಲಿ ಒಬ್ಬರೇ ಇದ್ದೀರಿ. ಸಾಕು," ಎಂದಳು.

ನೀರು ನಿಂತಿತು.

ಪೂವಪ್ಪ ತುಂಬಿದ ಬಕೆಟ್ಟನ್ನು ಬದಿಗೆ ಸರಿಸಿ ಕೇಳಿದ, "ಕೋಲು ಉದ್ದ ಮಾಡ್ಲಾ?"

"ಬೇಡ. ನನ್ನ ಅಳತೆಗೇ ಇರಲಿ."

ಅವಳು ಚೀಲದಿಂದ ಕಾಗದ ತೆಗೆದಳು. ನಾನು ಪೆನ್ನು ಕೊಟ್ಟೆ. ಅವಳ ಹೆಸರಿನ ಕನ್ನಡ ಅಕ್ಷರಗಳನ್ನು ಹಿಂದೊಮ್ಮೆ ನಾನೇ ಅವಳಿಗೆ ಕಲಿಸಿದ್ದೆ. ಒದ್ದೆ ಬೆರಳಲ್ಲಿ ಒಂದೊಂದೇ ಅಕ್ಷರ ಬರೆದಳು. ಕೊನೆಯದರ ಗುಡಿಸು ಸ್ವಲ್ಪ ಹರಡಿತು. "ಅತ್ತೆಗೆ ಓದಲಿಕ್ಕಾಗ್ತದಾ?" ಎಂದು ಕೇಳಿದಳು.

"ಆಗ್ತದೆ."

"ಅವರ ಮಗನಿಗೆ ಬಂಗುಡೆ ಮೀನಿನ ಪುಳಿಮುಂಚಿ ಇಷ್ಟ. ಎಲೆಗೆ ಅದನ್ನೂ ಬಡಿಸಲಿ. ಬರೀರಿ."

ಸಹಿಯ ಕೆಳಗೆ ಅದನ್ನೂ ಬರೆದು ಲಕೋಟೆ ಅಂಟಿಸಿದೆ. ಪೂವಪ್ಪ ನೆಲ ಒರೆಸಲು ಕೂತ. ನಾವಿಬ್ಬರು ಚಾಳಿನ ಮೆಟ್ಟಿಲಿಳಿದು ಸ್ಟೇಷನ್ನಿನ ಕಡೆ ನಡೆದೆವು. ಅವಳ ಸೀರೆಯಿಂದ ಬಿಸಿಲಿನ ರಸ್ತೆಯ ಮೇಲೆ ಹನಿ ಬೀಳುತ್ತಿತ್ತು. ಎದುರು ಬಂದವರು ಆಕಾಶ ನೋಡಿ ಮುಂದೆ ಹೋಗುತ್ತಿದ್ದರು. ಕೆಂಪು ಅಂಚೆ ಡಬ್ಬಿಯ ಬಾಯಿಗೆ ಕಾಗದ ಹಿಡಿದು ಅವಳು ಸ್ವಲ್ಪ ಹೊತ್ತು ನಿಂತಳು. ನಾನು ಅವಸರ ಮಾಡಲಿಲ್ಲ. ಆಮೇಲೆ ಕೈಬಿಟ್ಟಳು. ಕಾಗದ ಒಳಗೆ ಬಿದ್ದ ಸದ್ದು ಕೇಳಿಸಿತು.