ಮದುಮಗನ ಕೈಗವಸು

ಏಳು ಸಮುದ್ರದಾಚೆ ಅಲ್ಲ, ಒಂದೇ ಸಮುದ್ರದ ನಡುವೆ ಕಿಹ್ನು ಎಂಬ ಪುಟ್ಟ ದ್ವೀಪ. ಅಲ್ಲಿ ಒಂದು ಕಾಲದಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕ ರೂಸಿಯ ಬೆರಳು ಸುಮ್ಮನಿರುತ್ತಿರಲಿಲ್ಲ, ತಂಗಿ ಎಲ್ಮಿಯ ಬಾಯಿ ಸುಮ್ಮನಿರುತ್ತಿರಲಿಲ್ಲ. ರೂಸಿ ದನ ಅಟ್ಟುತ್ತಲೂ ಉಣ್ಣೆ ಹೆಣೆಯುವಳು, ಇಗರ್ಜಿಯಿಂದ ನಡೆದು ಬರುತ್ತಲೂ ಹೆಣೆಯುವಳು. ಎಲ್ಮಿ ನಗುವಳು. ಆ ನಗು ಕೇಳಿದರೆ ಸೀಲ್ ಬೇಟೆಗೆ ಹೊರಟ ದೋಣಿಗಳೂ ದಡದಲ್ಲಿ ಒಂದು ಗಳಿಗೆ ತಡೆಯುತ್ತಿದ್ದವು.

ಸಾಯುವ ಮುಂಚೆ ಅಜ್ಜಿ ರೂಸಿಯ ಕೈ ಹಿಡಿದುಕೊಂಡಿದ್ದಳು. "ಎಲ್ಮಿಗೆ ಕೆಲಸ ಕೈಗೆ ಹತ್ತಲ್ಲ ಕಣೇ. ಅವಳ ಮದುವೆ ಪೆಟ್ಟಿಗೇಲಿ ಏನೂ ಕಮ್ಮಿ ಆಗದ ಹಾಗೆ ನೀನು ನೋಡ್ಕೋ."

"ಆಯ್ತಜ್ಜಿ" ಎಂದಿದ್ದಳು ರೂಸಿ. ಆಗ ಅದೇ ಊರಿನ ಹುಡುಗ ಯೂರಿ ಸಂಜೆ ಹೊತ್ತು ಬಂದು ಕೂರುತ್ತಿದ್ದದ್ದು ರೂಸಿಯ ಪಕ್ಕದಲ್ಲಿ. ಕೂತವನ ಕಣ್ಣು ಎಲ್ಲಿದೆಯೆಂದು, ಹೆಣಿಗೆಯ ಮೇಲೆ ತಲೆ ಬಗ್ಗಿಸಿದವಳಿಗೆ ಕಾಣಲಿಲ್ಲ.

ಈಗ ಯೂರಿಗೂ ಎಲ್ಮಿಗೂ ಮದುವೆ. ಗಂಡಿನ ಕಡೆಯವರಿಗೆಲ್ಲ ಉಣ್ಣೆಯ ಕೈಗವಸು ಹಂಚಬೇಕು. ಅವನ ಮನೆಯ ಬಾವಿಗೂ ಒಲೆಗೂ ಕೂಡ ಶಾಸ್ತ್ರಕ್ಕೆ ಒಂದೊಂದು ಇಡಬೇಕು. ರೂಸಿ ತನ್ನ ಮದುವೆ ಪೆಟ್ಟಿಗೆಯಿಂದ ತೆಗೆದು ತೆಗೆದು ತಂಗಿಯ ಪೆಟ್ಟಿಗೆ ತುಂಬಿದಳು. ಅದಕ್ಕೆ ಊರು ಆಡಿಕೊಳ್ಳುವುದಿಲ್ಲ. ಆದರೆ ಮದುಮಗನ ಕೈಗವಸಿನ ಜೊತೆಯನ್ನು ಮಾತ್ರ ಮದುಮಗಳೇ ಹೆಣೆಯಬೇಕು. ಎಲ್ಮಿ ಶುರು ಮಾಡಿದ್ದನ್ನು ನಾಯಿಮರಿ ಎಳೆದಾಡಿ ಚಿಂದಿ ಮಾಡಿತ್ತು. ಮನೆಯಲ್ಲಿ ಇನ್ನು ಚಿತ್ತಾರಕ್ಕೆ ಬೇಕಾದ ಕಪ್ಪು ಉಣ್ಣೆ ಇರಲಿಲ್ಲ.

"ನಿನ್ನ ಪೆಟ್ಟಿಗೆ ತಳದಲ್ಲಿ ಒಂದು ಜೊತೆ ಇದೆಯಲ್ಲ" ಎಂದಳು ಅಮ್ಮ.

ಅದು ಯಾರ ಅಳತೆಗೆ ಹೆಣೆದದ್ದೆಂದು ಅಮ್ಮ ಮಕ್ಕಳು ಮೂವರಿಗೂ ಗೊತ್ತಿತ್ತು.

"ಅದನ್ನ ಕೊಡಲ್ಲಮ್ಮ."

"ಕೊಡು ಅಂದ್ನಾ? ಬಿಚ್ಚು. ಹಾಗೇ ಕೊಟ್ರೆ ಅವನಮ್ಮ ಒಂದೇ ನೋಟಕ್ಕೆ ಹಿಡೀತಾಳೆ. ಇಷ್ಟು ಬಿಗಿಯಾಗಿ ಹೆಣೆಯೋರು ಈ ಊರಲ್ಲಿ ಇನ್ಯಾರಿದ್ದಾರೆ? ಬಿಚ್ಚಿ, ಎಲ್ಮಿ ಹೆಣೆದ ಹಾಗೆ ಹೆಣಿ."

ಒಲೆಯ ಬಳಿ ಒಣಮೀನು ಜಗಿಯುತ್ತಿದ್ದ ಎಲ್ಮಿ ನಕ್ಕಳು. "ಹೆಬ್ಬೆರಳ ಹತ್ರ ತೂತು ಬಿಡೋದು ಮರೀಬೇಡಕ್ಕ! ಇಲ್ಲಾಂದ್ರೆ ನಂದು ಅಂತ ದೇವರೂ ನಂಬಲ್ಲ."

"ಬಾಯಿ ಮುಚ್ಚೇ."

"ಅಜ್ಜಿಗೆ ಮಾತು ಕೊಟ್ಟೋಳು ನೀನು" ಎಂದಳು ಅಮ್ಮ, ಬೇರೆ ಕಡೆ ನೋಡುತ್ತ.

ರೂಸಿ ಬಿಚ್ಚಿದಳು. ಬಿಚ್ಚಿದ ಎಳೆ ಹಳೆಯ ಕುಣಿಕೆಗಳ ಆಕಾರದಲ್ಲೇ ಸುರುಳಿ ಸುರುಳಿಯಾಗಿ ನಿಂತಿತು. ತೊಳೆದು, ಕಲ್ಲು ಕಟ್ಟಿ ಇಳಿಬಿಟ್ಟು, ನೇರ ಮಾಡಿದಳು. ಆದರೆ ಕೈ ಕೇಳಬೇಕಲ್ಲ! ಸಡಿಲ ಬಿಟ್ಟಷ್ಟೂ ಬೆರಳು ತಾನಾಗಿ ಬಿಗಿಯುತ್ತಿತ್ತು. ಸಾಲಿನ ಮೇಲೆ ಸಾಲು ಕೆಡಿಸಿ ಮತ್ತೆ ಮತ್ತೆ ಹಾಕಿದಳು.

ಅಷ್ಟರಲ್ಲಿ ಅವಳು ಕೂತಿದ್ದ ಅಂಗಳಕ್ಕೆ ಯೂರಿ ಬಂದ. ರೂಸಿ ಹೆಣಿಗೆಯನ್ನು ಪಟ್ಟೆ ಲಂಗದ ಮಡಿಕೆಯೊಳಗೆ ತಳ್ಳಿದಳು.

"ಏನತ್ತಿಗೆ, ಮುಚ್ಚಿಟ್ಕೋತೀರಿ? ಯಾರಿಗೆ?"

ಮೊನ್ನೆಯವರೆಗೂ 'ರೂಸಿ, ನೀನು' ಎನ್ನುತ್ತಿದ್ದ ಬಾಯಿ ಅದು.

"ಯಾರೋ ಒಬ್ಬನಿಗೆ."

"ಪುಣ್ಯವಂತ ಬಿಡಿ!" ಎಂದು ನಗುತ್ತ ಅವನು ಒಳಗೆ, ಎಲ್ಮಿಯ ಹತ್ತಿರ ಹೋದ.

ಆಮೇಲೆ ಕೈ ತಾನಾಗಿಯೇ ಸೋತಿತು. ಕುಣಿಕೆಗಳು ಒಂದು ದೊಡ್ಡದು, ಒಂದು ಸಣ್ಣದು. ಕಪ್ಪು ಬಿಳುಪಿನ ಚಿತ್ತಾರ ಕುಡುಕನ ಹೆಜ್ಜೆಯಂತೆ ವಾಲಿತು. ದೃಷ್ಟಿಯಾಗದಿರಲಿ ಎಂದು ಮಣಿಕಟ್ಟಿಗೆ ಹಾಕುವ ಕೆಂಪು ಪಟ್ಟಿಯೂ ಸೊಟ್ಟಗಾಯಿತು.

ಎಲ್ಮಿ ಕೈಗೆ ಹಾಕಿಕೊಂಡು ತಿರುಗಿಸಿ ನೋಡಿದಳು. "ಅಯ್ಯೋ ಅಕ್ಕ, ಥೇಟ್ ನಂದೇ!"

"ತೆಗಿ, ಇನ್ನೂ ಎಳೆ ಮುಚ್ಚಿಲ್ಲ" ಎಂದಳು ರೂಸಿ. ಹಲ್ಲಿನಲ್ಲಿ ಉಣ್ಣೆ ಕಡಿದಳು, ತುದಿಯನ್ನು ಒಳಗೆ ಸೇರಿಸಿದಳು, ಜೊತೆಯನ್ನು ತಂಗಿಯ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು. ಪೆಟ್ಟಿಗೆ ತುಂಬಿತ್ತು.