ಬೀರಪ್ಪನ ಪಾಲಿಗೆ ಬಂದ ಒಡ್ಡು

ಅಣ್ಣತಮ್ಮಂದಿರು ಬೇರೆಯಾಗುವಾಗ ಪಾತ್ರೆ ಹಂಚಿಕೆ ಆಗುತ್ತದೆ, ದನ ಹಂಚಿಕೆ ಆಗುತ್ತದೆ, ಹೊಲವೂ ಆಗುತ್ತದೆ. ಆದರೆ ಹೊಲದ ನಡುವಿನ ಒಡ್ಡು ಯಾರಿಗೆ? ಈ ಒಂದು ಮಾತಿಗೆ ಜಗಳ ಆಗದ ಊರನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ ಸೀಮೆಯಲ್ಲಿ ಬೀರಪ್ಪ ಮತ್ತು ಅವನ ತಮ್ಮ ಪರಸಪ್ಪ ಬೇರೆಯಾದಾಗಲೂ ಹೀಗೇ ಆಯಿತು.

ಎಂಟು ಎಕರೆ ಎರಿ ಹೊಲ, ಕಪ್ಪು ಮಣ್ಣಿನದು. ಮೇಲಿನ ನಾಲ್ಕು ಪರಸಪ್ಪನಿಗೆ, ಕೆಳಗಿನ ನಾಲ್ಕು ಬೀರಪ್ಪನಿಗೆ. ನಡುವೆ ಅವರ ಅಜ್ಜ ಕಟ್ಟಿದ ಮಣ್ಣಿನ ಒಡ್ಡು, ಎದೆಮಟ ಎತ್ತರ. ಹೆಚ್ಚಾದ ನೀರು ಹೋಗಲು ಅದರ ಒಂದು ತುದಿಗೆ ಕಲ್ಲು ಹಾಸಿದ ದಾರಿಯೂ ಇತ್ತು. ಪಂಚರು ಅಳೆದರು. ಒಡ್ಡು ಕುಳಿತ ಜಾಗವೇ ಆರು ಗುಂಟೆ ಬಂತು. ಅದನ್ನೂ ಹೊಲವೆಂದೇ ಹಿಡಿದು ಬೀರಪ್ಪನ ನಾಲ್ಕು ಎಕರೆಯೊಳಗೆ ಸೇರಿಸಿಬಿಟ್ಟರು. ಅವತ್ತೇ ಅವನಿಗೆ ಉರಿ ಹತ್ತಿತು.

ಆ ಉರಿ ವರ್ಷಕ್ಕೊಮ್ಮೆ ಜೋಳದ ಕೊಯ್ಲಿನಲ್ಲಿ ಭುಗಿಲೇಳುತ್ತಿತ್ತು. ಯಾಕೆಂದರೆ ಒಡ್ಡಿನ ಮೇಲ್ಮಗ್ಗುಲಲ್ಲಿ, ಅಂದರೆ ಪರಸಪ್ಪನ ಕಡೆ, ಜೋಳ ಆಳೆತ್ತರ ನಿಂತು ತೆನೆ ತೂಗುತ್ತಿತ್ತು. ಒಡ್ಡಿನ ಕೆಳಗೆ ಬೀರಪ್ಪನ ಜೋಳ ಸೊರಗಿಕೊಂಡು ನಿಂತಿರುತ್ತಿತ್ತು.

“ನೋಡ ಇಲ್ಲಿ,” ಎಂದ ಬೀರಪ್ಪ ಮೂರನೆಯ ವರ್ಷದ ಕೊಯ್ಲಿನಲ್ಲಿ, ಕುಡುಗೋಲಿನಿಂದ ಒಡ್ಡಿನ ಕಡೆ ತೋರಿಸುತ್ತ. “ಒಡ್ಡ ನಂದು. ಒಡ್ಡಿನ ನೀರ ಅವಂದು. ನಾ ಏನ ಅವ್ನ ನೀರ ಕಾಯೋ ವಾಲಿಕಾರೇನು?”

ಹೆಂಡತಿ ಶಟ್ಟೆವ್ವ ಕೊಯ್ದ ಜೋಳದ ಕಣಿಕೆ ಕಟ್ಟುತ್ತಿದ್ದಳು. “ನಿಮ್ಮ ತಮ್ಮನ ಮಕ್ಳ ಉಣ್ಣತಾವ. ಬ್ಯಾರೇದವ್ರೇನ?”

“ಪಾಲ ಮಾಡುವಾಗ ಬ್ಯಾರೇದವ್ರ ಆಗಿದ್ರಲ್ಲ!”

“ಆಗಿದ್ರು. ಅದಕ್ಕ ನೀವ ಈಗ ಒಡ್ಡಿನ ಸಂಗಾಟ ಜಗಳಾಡತೀರೇನ್ರಿ?”

ಬೀರಪ್ಪ ಮತ್ತೆ ಕೊಯ್ಲಿಗೆ ಬಗ್ಗಿದ. ಈ ವರ್ಷ ಒಡ್ಡನ್ನೇ ತೆಗೆದುಬಿಟ್ಟರೆ ನೀರೂ ತನಗೆ, ಆರು ಗುಂಟೆಯೂ ತನಗೆ ಎಂದು ಅವನು ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದ.

ಯುಗಾದಿ ಕಳೆದ ಮೇಲೆ ಒಂದು ದಿನ ಹೆಣ್ಣುಮಕ್ಕಳ ಸಂಘದ ಸಭೆ ಶಟ್ಟೆವ್ವನ ಮನೆಯ ಕಟ್ಟೆಯ ಮೇಲೆ ಕೂಡಿತು. ಅಂದು ಕೃಷಿ ಸಖಿ ಪ್ರಣಿತಾ ಬಂದಿದ್ದಳು. ಪ್ರಣಿತಾ ಹೊರಗಿನವಳಲ್ಲ, ಅದೇ ಊರಿನ ಸೊಸೆ. ತರಬೇತಿಗೆ ಹೋಗಿ ಮಣ್ಣು, ಬೀಜ, ಗೊಬ್ಬರದ ವಿಚಾರ ಕಲಿತು ಬಂದು ಮನೆಮನೆಗೆ ಹೇಳುವವಳು. ಶಟ್ಟೆವ್ವ ತಡೆಯಲಾರದೆ, ಗಂಡ ಒಡ್ಡು ಕೀಳಲು ಹೊರಟ ಸುದ್ದಿ ಎತ್ತಿದಳು. ಅಷ್ಟರಲ್ಲಿ ಬೀರಪ್ಪನೂ ಹೊಲದಿಂದ ಬಂದ.

“ಏನವಾ ಪ್ರಣಿತಾ, ನಿನ್ನ ಗಂಡನ ಹೊಲಾ ಎಲ್ಲಾ ನೆಟ್ಟಗ ಆತೇನು, ನಮ್ಮ ಹೊಲಕ್ಕ ಬಂದಿ?”

“ನನ್ನ ಗಂಡ ನನ್ನ ಮಾತ ಎಲ್ಲಿ ಕೇಳತಾನ್ರೀ ಮಾವ? ಅದಕ್ಕ ನಿಮಗ ಹೇಳಾಕ ಬಂದೇನಿ.”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಬೀರಪ್ಪನೂ ನಕ್ಕು ಕಟ್ಟೆಯ ಮೂಲೆಗೆ ಕುಳಿತ. ಪ್ರಣಿತಾ ಮಾತ್ರ ನಗುವನ್ನು ಅಲ್ಲಿಗೇ ಬಿಟ್ಟಳು.

“ಎರಿ ಮಣ್ಣ ಮಳಿ ನೀರ ಕುಡದ ಇಟ್ಕೊಂತೈತ್ರಿ ಮಾವ. ಮಳಿ ಹೋದ ಮ್ಯಾಲ ಆ ಹಸಿ ಮ್ಯಾಲ ಜ್ವಾಳ, ಕಡ್ಲಿ ಬರತಾವ. ಆದ್ರ ಕುಡ್ಯಾಕ ಅದಕ್ಕ ಹೊತ್ತ ಬೇಕು. ಒಡ್ಡ ಇದ್ರ ನೀರ ನಿಲ್ಲತೈತಿ, ಮಣ್ಣ ಕುಡೀತೈತಿ. ಒಡ್ಡ ಇಲ್ಲಂದ್ರ ನೀರ ಓಡತೈತಿ. ಓಡುವಾಗ ಬರಿಗೈಲೆ ಹೋಗಂಗಿಲ್ಲ, ಮಣ್ಣ ಹೊತಗೊಂಡ ಹೋಗತೈತಿ.”

“ಓಡ್ಲಿ. ನನ್ನ ಹೊಲಕ್ಕ ಬರತೈತಲ್ಲ?”

“ಬರತೈತಿ, ನಿಂದ್ರಂಗಿಲ್ಲ. ನಿಮ್ಮ ಹೊಲದ ಕೆಳಗಿನ ಅಂಚಿಗೆ ಒಡ್ಡ ಎಲ್ಲೈತ್ರಿ? ಅಲ್ಲಿಂದ ಹಳ್ಳಕ್ಕ, ಹಳ್ಳದಿಂದ ಮಲಪ್ರಭಾ ಹೊಳಿಗೆ. ನಿಮ್ಮ ಜ್ವಾಳ ಸೊರಗೂದೂ ಅದಕ್ಕ. ತಮ್ಮನಂಥಾ ಬೆಳಿ ಬೇಕಂದ್ರ ಇರೋ ಒಡ್ಡ ಕೀಳಬ್ಯಾಡ್ರಿ, ಕೆಳಗ ಇನ್ನೊಂದ ಕಟ್ರಿ.”

ಬೀರಪ್ಪ ಕೈ ಕೊಡವಿದ. “ಆರ ಗುಂಟೆ ಒಡ್ಡಿಗೆ ಹೋತು. ಇನ್ನೊಂದಕ್ಕ ಮತ್ತ ಆರ ಗುಂಟೆ! ಕಡೀಕ ಹೊಲಾ ಎಲ್ಲಾ ಒಡ್ಡ ಮಾಡಿ, ಒಡ್ಡಿನ ಮ್ಯಾಲ ಬಿತ್ತೂಣು, ಆತೇನ?”

ಮತ್ತೆ ನಗು ಎದ್ದಿತು. ಶಟ್ಟೆವ್ವ ನಗಲಿಲ್ಲ.

ಪ್ರಣಿತಾ ಅಲ್ಲಿಗೇ ಬಿಡಲಿಲ್ಲ. ಪರಸಪ್ಪನ ಮನೆಗೂ ಹೋದಳು. “ಒಡ್ಡಿನ ಲಾಭ ನಿಮಗೂ ಐತಿ. ಅರ್ಧ ಜಾಗಾ ನಿಮ್ಮ ಪಾಲಿಗೆ ಹಚ್ಕೋರಿ, ವರ್ಷಕ್ಕೊಮ್ಮೆ ಇಬ್ಬರೂ ಕೂಡಿ ಮಣ್ಣ ಏರಸ್ರಿ. ಅಣ್ಣಾರ ಸಿಟ್ಟ ಇಳೀತೈತಿ,” ಎಂದಳು.

“ಒಡ್ಡ ಅಣ್ಣನ ಪಾಲಿಗೆ ಹೋಗೇತಿ, ಪಹಣಿ ಉತಾರದಾಗ ಅವ್ನ ಹೆಸರೈತಿ. ಅವಂದು, ಅವ ನೋಡ್ಕೊಳ್ಳಲಿ,” ಎಂದ ಪರಸಪ್ಪ. ಮೂರು ವರ್ಷ ಆ ಒಡ್ಡಿನ ತಂಪಿನಲ್ಲಿ ಬೆಳೆ ತೆಗೆದವನು ಮೂರು ಗುಂಟೆ ಬಿಡಲು ಒಪ್ಪಲಿಲ್ಲ, ಒಂದು ಬುಟ್ಟಿ ಮಣ್ಣು ಹೊರಲೂ ಒಪ್ಪಲಿಲ್ಲ. ಇದನ್ನೂ ಇಲ್ಲಿ ಹೇಳಲೇಬೇಕು. ತಪ್ಪು ಒಬ್ಬನದೇ ಅಲ್ಲ.

ಮೇ ತಿಂಗಳಲ್ಲಿ ಬೀರಪ್ಪನ ಕರೆಗೆ ಜೆಸಿಬಿ ಓಡಿಸುವ ಮಾಂತೇಶ ತನ್ನ ಮಶಿನ್ ತಂದು ಒಡ್ಡಿನ ಮುಂದೆ ನಿಲ್ಲಿಸಿದ. ಶಟ್ಟೆವ್ವ ಬುತ್ತಿ ಕೆಳಗಿಟ್ಟು ಗಂಡನ ಮುಂದೆ ಬಂದು ನಿಂತಳು.

“ಎರಡ ದಿನಾ ತಡೀರಿ. ಪರಸಪ್ಪನ್ನ ಕೂಡ್ಸಿ ಮಾತಾಡೂಣು.”

“ನನ್ನ ಒಡ್ಡ ಕೀಳಾಕ ಅವ್ನ ಪರವಾನಿಗಿ ಬೇಕೇನ?”

ಮಾಂತೇಶನೂ ಮಶಿನ್ ಮೇಲಿಂದಲೇ ಹೇಳಿದ: “ಕಾಕಾ, ಇನ್ನೊಮ್ಮೆ ವಿಚಾರ ಮಾಡ್ರಿ. ನಂದೇನ ಹೋಗತೈತಿ, ಕೀಳ ಅಂದ್ರ ಕೀಳತೇನಿ. ಆದ್ರ ಇದು ಗಟ್ಟಿಯಾಗಿ ಕುಂತ ಮಣ್ಣ. ನಾಳೆ ಮತ್ತ ಕಟ್ಟಂದ್ರ ಹಿಂಗ ಕೂಡಂಗಿಲ್ಲ.”

“ಕೀಳೋ ಮಾರಾಯಾ!”

ಅಜ್ಜ, ಅಜ್ಜಿ ನಾಲ್ಕು ಬೇಸಿಗೆ ಬುಟ್ಟಿ ಹೊತ್ತು ಕಟ್ಟಿದ್ದ ಒಡ್ಡು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯಿತು. ಪರಸಪ್ಪ ಸುದ್ದಿ ಕೇಳಿ ಓಡಿ ಬಂದ. “ಅಣ್ಣಾ, ಏನ ಮಾಡಿಬಿಟ್ಟಿ!” ಎಂದ.

“ನಂದ ನಾ ಕಿತ್ತೇನಿ.”

“ಕೀಳ. ನನಗೇನ? ನೀರ ಬಂದ್ರ ನಿನ್ನ ಮ್ಯಾಲ ಬರತೈತಿ.”

ಹೀಗೆ ಅಂದು ಪರಸಪ್ಪ ಹೊರಟುಹೋದ. ಹೋದರೆ ಅವನದು ಹೋಗುತ್ತದೆ, ನನ್ನದಲ್ಲ ಎಂದು ಇಬ್ಬರೂ ಅಂದುಕೊಂಡಿದ್ದರು.

ಜೂನ್, ಜುಲೈ ತುಂತುರಿನಲ್ಲೇ ಕಳೆದವು. ಕಿತ್ತ ಜಾಗವೂ ಸೇರಿ ಹೊಲ ಒಂದೇ ಹಾಸಾಗಿ ಕಾಣುತ್ತಿತ್ತು. ಬೀರಪ್ಪ ಹಿಂಗಾರಿ ಜೋಳಕ್ಕೆಂದು ಎರಡು ಸಲ ಹರಗಿ ಮಣ್ಣನ್ನು ಹಿಟ್ಟಿನಂತೆ ಮಾಡಿದ. ಹಾದಿಯಲ್ಲಿ ಪ್ರಣಿತಾ ಸಿಕ್ಕಾಗ ಬಿಡದೆ ಕೆಣಕುತ್ತಿದ್ದ. “ಏನವಾ ಸಖಿ, ನನ್ನ ಹೊಲಾ ಓಡಿ ಹೋತೇನ? ಇಲ್ಲೇ ಐತಲ್ಲ?”

“ಇರ್ಲಿ ಮಾವ. ಇರೂದ ಬೇಕು,” ಎನ್ನುತ್ತಿದ್ದಳು ಅವಳು.

ಉತ್ತರಿ ಮಳೆ ಹಿಡಿದದ್ದು ಸೆಪ್ಟೆಂಬರಿನ ಒಂದು ಮಧ್ಯಾಹ್ನ. ಎರಡು ದಿನದ ಜಿಟಿಜಿಟಿಗೆ ನೆಲ ಆಗಲೇ ನೆನೆದು ಕುಳಿತಿತ್ತು. ಅದರ ಮೇಲೆ ಒಂದೂವರೆ ತಾಸು, ಎದುರಿನ ಮನುಷ್ಯ ಕಾಣದಂಥ ಮಳೆ. ಬೀರಪ್ಪ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಸಲಿಕೆ ಹಿಡಿದು ಓಡಿದ. ಹಿಂದೆ ಶಟ್ಟೆವ್ವ.

ಒಡ್ಡು ಇದ್ದ ಜಾಗದಲ್ಲಿ, ಮೇಲಿನ ನಾಲ್ಕೂ ಎಕರೆಯ ನೀರು ಒಂದಾಗಿ ಕೆಳಗೆ ಧುಮುಕುತ್ತಿತ್ತು. ನೀರಿನ ಬಣ್ಣವೇ ಇರಲಿಲ್ಲ ಅದಕ್ಕೆ, ಕರಿ ಅಂಬಲಿಯ ಹಾಗಿತ್ತು. ಬೀರಪ್ಪ ಅಡ್ಡ ನಿಂತು ಸಲಿಕೆಯಿಂದ ಮಣ್ಣು ಒಟ್ಟಿದ. ಒಟ್ಟಿದ್ದು ಒಟ್ಟಿದಂತೆ ಹೋಯಿತು. ಮೈಮೇಲಿನ ಗೋಣಿಚೀಲ ಹಾಕಿದ. ಅದೂ ಹೋಯಿತು. ಅಷ್ಟರಲ್ಲಿ ಪರಸಪ್ಪ ಮೇಲಿನಿಂದ ಕಲ್ಲು ಹೊತ್ತು ಬಂದ. ಬೇರೆಯಾದ ಮೇಲೆ ಮೊದಲ ಸಲ ಅಣ್ಣತಮ್ಮ ಹೆಗಲಿಗೆ ಹೆಗಲು ಕೊಟ್ಟು ನಿಂತದ್ದು ಆ ನೀರಿನಲ್ಲಿ. ಕಾಲ ಕೆಳಗಿನ ದಡವೇ ಕುಸಿದಾಗ ಶಟ್ಟೆವ್ವ ಗಂಡನ ರಟ್ಟೆ ಹಿಡಿದು ಎಳೆದಳು.

“ಹೊಲಾ ಹೋದ್ರ ಹೋಗಲಿ, ನೀವ ಹೋಗಬ್ಯಾಡ್ರಿ! ಬರ್ರಿ ಮ್ಯಾಲ!”

ಮೂವರೂ ಬೇವಿನ ಮರದ ಕೆಳಗೆ ನಿಂತು, ಹೊಲ ಹಳ್ಳಕ್ಕೆ ಹೋಗುವುದನ್ನು ನೋಡಿದರು. ನೋಡುವುದು ಬಿಟ್ಟರೆ ಬೇರೆ ಕೆಲಸ ಉಳಿದಿರಲಿಲ್ಲ.

ಮಳೆ ನಿಂತಾಗ ಬೀರಪ್ಪನ ಹೊಲದ ನಡುವೆ ಎತ್ತು ಇಳಿದರೆ ಬೆನ್ನು ಕಾಣದಷ್ಟು ಆಳದ ಕೊರಕಲು ಬಿದ್ದಿತ್ತು. ಅದರ ಎರಡೂ ಮಗ್ಗುಲಿಗೆ ಒಂದೂವರೆ ಎಕರೆಯಷ್ಟು ಕರಿ ಮಣ್ಣು ಸವರಿ ಹೋಗಿ ಅಡಿಯ ಗರಸು ಕಲ್ಲು ತೇಲಿತ್ತು. ಪರಸಪ್ಪನದೂ ಉಳಿಯಲಿಲ್ಲ. ಕೊರಕಲು ಅವನ ಹೊಲದೊಳಕ್ಕೂ ಏರಿ, ಆಳೆತ್ತರ ಜೋಳ ಬರುತ್ತಿದ್ದ ಪಟ್ಟಿಯನ್ನೇ ನುಂಗಿತ್ತು.

ಮೂರನೆಯ ದಿನ ಪ್ರಣಿತಾ ಒಂದು ಕಬ್ಬಿಣದ ಸಳಿ ಹಿಡಿದು ಬಂದಳು. ಪರಸಪ್ಪನ ಮೇಲಿನ ಮೂಲೆಯಲ್ಲಿ ಚುಚ್ಚಿದರೆ ಸಳಿ ಮೊಳದುದ್ದ ಇಳಿಯಿತು. ಬೀರಪ್ಪನ ಹೊಲದಲ್ಲಿ ನಾಲ್ಕು ಬೆರಳು ಇಳಿದು ಕಲ್ಲಿಗೆ ಬಡಿಯಿತು. ಇನ್ನೊಂದು ಕಡೆ ಎರಡೇ ಬೆರಳು.

“ತಿಪ್ಪಿ ಎಲ್ಲಾ ತಂದ ಚೆಲ್ಲತೇನಿ, ಪ್ರಣಿತವ್ವಾ,” ಎಂದ ಬೀರಪ್ಪ. ಅವನ ದನಿಯಲ್ಲಿ ಈಗ ಕೆಣಕು ಇರಲಿಲ್ಲ. “ಕುರಿ ನಿಲ್ಲಸ್ತೇನಿ. ಎಷ್ಟ ವರ್ಷಕ್ಕ ಮಣ್ಣ ಬರತೈತಿ, ಹೇಳ.”

ಪ್ರಣಿತಾ ಸಳಿಗೆ ಹತ್ತಿದ ಮಣ್ಣು ಒರೆಸಿದಳು. “ನಿಮಗ ಸುಳ್ಳ ಹೇಳಂಗಿಲ್ರಿ ಮಾವ. ಗೊಬ್ಬರ ಇದ್ದ ಮಣ್ಣಿಗೆ ಬಲಾ ಕೊಡತೈತಿ. ಹೋದ ಮಣ್ಣ ತರಂಗಿಲ್ಲ. ಬೆರಳ ದಪ್ಪ ಮಣ್ಣ ತಾನಾಗಿ ಆಗಾಕ ನೂರಾರ ವರ್ಷ ಬೇಕು.”

“ನನ್ನ ಮೊಮ್ಮಕ್ಳ ಕಾಲಕ್ಕ?”

“ಅವ್ರ ಮೊಮ್ಮಕ್ಳ ಕಾಲಕ್ಕೂ ಇಲ್ರಿ.”

ಬೀರಪ್ಪ ಅಲ್ಲೇ ಗರಸಿನ ಮೇಲೆ ಕುಳಿತುಬಿಟ್ಟ. ಪರಸಪ್ಪ ತಲೆ ಎತ್ತಲಿಲ್ಲ. “ಅಣ್ಣಾ, ಅವತ್ತ ಈಕಿ ನಮ್ಮನಿಗೆ ಬಂದಿದ್ಲು. ನಾ ಹೂಂ ಅಂದಿದ್ರ ನೀ ಕೀಳತಿರ್ಲಿಲ್ಲ,” ಎಂದಷ್ಟೇ ಹೇಳಿದ.

“ಉಳದದ್ದನ್ನರ ಉಳಸ್ಕೋರಿ,” ಎಂದಳು ಪ್ರಣಿತಾ. “ಮೊದ್ಲ ಕೊರಕಲಕ್ಕ ಅಲ್ಲಲ್ಲಿ ಅಡ್ಡ ಕಲ್ಲ ಒಟ್ರಿ, ಇಲ್ಲಂದ್ರ ಬರೋ ಮಳಿಗೆ ಅದು ಮತ್ತ ಮ್ಯಾಲ ಏರತೈತಿ. ಒಡ್ಡ ಮತ್ತ ಹಾಕ್ರಿ, ಕೆಳಗಿನ ಅಂಚಿಗೂ ಒಂದ ಹಾಕ್ರಿ. ಹೆಚ್ಚಿನ ನೀರ ಹೋಗಾಕ ಕಲ್ಲಿನ ಹಾದಿ ಬಿಡ್ರಿ. ಒಡ್ಡಿನ ಮ್ಯಾಲ ಹುಲ್ಲ ಹಚ್ರಿ, ಬೇರ ಮಣ್ಣ ಹಿಡೀತಾವ. ಮತ್ತ ಇಳಿಜಾರಿಗೆ ಅಡ್ಡ ಹರಗ್ರಿ, ಉದ್ದಕ ಹರಗಬ್ಯಾಡ್ರಿ. ಒಡ್ಡಿನ ಕೆಲಸಕ್ಕ ಸರಕಾರದ ಯೋಜನಾ ಏನೈತಿ ಅಂತ ಪಂಚಾಯ್ತಿಯಾಗ, ರೈತ ಸಂಪರ್ಕ ಕೇಂದ್ರದಾಗ ನಾ ನಿಮ್ಮ ಜೋಡಿ ಬಂದ ಕೇಳತೇನಿ.”

“ಒಡ್ಡ ಯಾರ ಪಾಲಿಗೆ?” ಎಂದು ಬೀರಪ್ಪ ಕೇಳಿದ. ಹಳೆಯ ಚಟ, ಬಾಯಿಗೆ ಬಂದುಬಿಟ್ಟಿತ್ತು.

ಶಟ್ಟೆವ್ವ ಗಂಡನನ್ನೂ ಮೈದುನನನ್ನೂ ದಿಟ್ಟಿಸಿ ನೋಡಿದಳು. “ಇನ್ನೂ ಅದ ಮಾತೇನ್ರಿ? ಮೂರ ಗುಂಟೆ ನಮ್ದು, ಮೂರ ಗುಂಟೆ ಅವ್ರದು. ಬುಟ್ಟಿ ಎರಡೂ ಮನೀದು. ನಾಳೆ ಮುಂಜಾನೆ ಬರ್ರಿ ಇಬ್ಬರೂ.”

ಇಬ್ಬರೂ ಬಂದರು. ತಿಂಗಳುಗಟ್ಟಲೆ ಎರಡೂ ಮನೆಯವರು ಕಲ್ಲು ಹೊತ್ತರು, ಮಣ್ಣು ಹೊತ್ತರು. ಒಡ್ಡು ಮತ್ತೆ ನಿಂತಿತು. ಮೊದಲಿನಷ್ಟು ಎತ್ತರವಲ್ಲ, ಮೊದಲಿನಷ್ಟು ಗಟ್ಟಿಯೂ ಅಲ್ಲ.

ಮುಂದಿನ ಹಿಂಗಾರಿಗೆ ನೆಲ ಹದಕ್ಕೆ ಬಂದಾಗ ಬೀರಪ್ಪ ಬಿತ್ತಲು ಕೂರಿಗೆ ಹೂಡಿದ. ಶಟ್ಟೆವ್ವ ಉಡಿಯಲ್ಲಿ ಜೋಳ ಕಟ್ಟಿಕೊಂಡು ಹಿಂದೆ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ಬಂದಳು. ಹೊಲ ಅರ್ಧ ದಾಟಿದ ಮೇಲೆ ಕೂರಿಗೆಯ ಮೊನೆ ಗರಸಿಗೆ ಸಿಕ್ಕು ಕಿರ್ರೆಂದಿತು. ಬೀರಪ್ಪ ಎತ್ತಿಗೆ ಚಬುಕು ಎತ್ತಿದ. ಕೂರಿಗೆ ಮುಂದೆ ಹೋಯಿತು, ನೆಲದೊಳಗೆ ಇಳಿಯಲಿಲ್ಲ. ಬಿಟ್ಟ ಕಾಳು ಕಲ್ಲಿನ ಮೇಲೆ ಹಾಗೇ ಬಿದ್ದಿದ್ದವು.

ಶಟ್ಟೆವ್ವ ಬಗ್ಗಿ ಅವನ್ನು ಒಂದೊಂದಾಗಿ ಆರಿಸಿ ಉಡಿಗೆ ಹಾಕಿಕೊಂಡಳು. “ಎತ್ತ ತಿರುವ್ರಿ. ಇಲ್ಲೀತನಕಾನ ನಮ್ಮ ಹೊಲಾ,” ಎಂದಳು.

ಬೀರಪ್ಪ ಎತ್ತು ತಿರುವಿದ. ಉತಾರದಲ್ಲಿ ಇಂದಿಗೂ ನಾಲ್ಕು ಎಕರೆ ಎಂದೇ ಇದೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿದ ಮೇಲೆ ಒಂದೇ ಒಂದು ಕೆಲಸ ಮಾಡಿರಿ. ನಾಳೆ ನಿಮ್ಮ ಹೊಲಕ್ಕೆ ಹೋಗಿ ಒಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಿರಿ. ಇಲಿ ಬಿಲ ತೋಡಿದ್ದರೆ ಮುಚ್ಚಿರಿ. ನೇಗಿಲು ಕೆರೆದು ಸಣ್ಣದಾಗಿದ್ದರೆ ಮಣ್ಣು ಏರಿಸಿರಿ. ಒಡ್ಡು ಇಲ್ಲದಿದ್ದರೆ ಮಳೆಗೆ ಮೊದಲು ಕಟ್ಟಿರಿ. ಪಾಲಾಗುವ ಮನೆ ಇದ್ದರೆ ಪಂಚರಿಗೆ ಮೊದಲೇ ಹೇಳಿರಿ: ಒಡ್ಡನ್ನು ಒಬ್ಬರ ತಲೆಗೆ ಕಟ್ಟಬೇಡಿ, ಇಬ್ಬರಿಗೂ ಹಂಚಿರಿ. ಪಕ್ಕದ ಹೊಲದವರ ಜೊತೆ ಮಾತು ಬಿಟ್ಟಿದ್ದರೆ ಈ ಕೆಲಸಕ್ಕಾದರೂ ಮಾತಾಡಿರಿ. ಮಳೆ ಹೊಯ್ಯುವಾಗ ಸಲಿಕೆ ಹಿಡಿದು ಓಡಿದರೆ ಆಗುವುದಿಲ್ಲ, ಬೀರಪ್ಪ ಓಡಿ ನೋಡಿದ್ದಾನೆ. ಬಿಸಿಲು ಇರುವಾಗಲೇ ಹೋಗಿರಿ.